ಸೂರಿಲ್ಲದ ಸಂಸಾರಕ್ಕೆ ಮೊದಲ ಮದ್ದು

ರಾತ್ರಿ ಹತ್ತು ಗಂಟೆಯ ನಂತರ ನಿಮ್ಮ ಊರಿನ ಬಸ್ ನಿಲ್ದಾಣ, ಮಾರುಕಟ್ಟೆ ಅಥವಾ ಮೇಲುಸೇತುವೆಯ ಕೆಳಭಾಗವನ್ನು ಒಮ್ಮೆ ಗಮನಿಸಿ ನೋಡಿ. ಒಂಟಿ ಗಂಡಸರು ಮಲಗಿರುವುದು ಮೊದಲು ಕಣ್ಣಿಗೆ ಬೀಳುತ್ತದೆ. ಸ್ವಲ್ಪ ದೂರದಲ್ಲಿ, ಬೆಳಕು ಕಡಿಮೆ ಇರುವ ಕಡೆ, ಸಂಸಾರಗಳೂ ಇರುತ್ತವೆ. ಗಂಡ, ಹೆಂಡತಿ, ಎರಡು ಮಕ್ಕಳು, ಕೆಲವೊಮ್ಮೆ ಒಬ್ಬ ಮುದುಕಿ, ಒಂದು ಬಿಂದಿಗೆ, ಬಟ್ಟೆಯ ಗಂಟು, ಮೇಲೊಂದು ಪ್ಲಾಸ್ಟಿಕ್ ಹಾಳೆ.

"ಸರ್ಕಾರ ಆಶ್ರಯ ಕೇಂದ್ರಗಳನ್ನು ತೆರೆದಿದೆಯಲ್ಲ, ಇವರೇಕೆ ಅಲ್ಲಿಗೆ ಹೋಗುವುದಿಲ್ಲ?" ಎಂದು ಕೇಳುವವರು ಬಹಳ. "ಇವರಿಗೆ ಬೀದಿಯೇ ಅಭ್ಯಾಸವಾಗಿದೆ" ಎಂದು ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ. ಈ ಉತ್ತರ ಸರಿಯಲ್ಲ. ಅದು ಏಕೆ ಸರಿಯಲ್ಲ, ಸೂರಿಲ್ಲದ ಕುಟುಂಬಕ್ಕೆ ನಿಜವಾಗಿ ಬೇಕಾದದ್ದೇನು, ಅದರಲ್ಲಿ ನಿಮ್ಮ ಪಾಲು ಏನು ಎಂಬುದನ್ನು ಈ ವಾರ ನೋಡೋಣ. ಆರೋಗ್ಯದ ಅಂಕಣದಲ್ಲಿ ಮನೆಯ ಮಾತೇಕೆ ಎನ್ನಬೇಡಿ. ಸೂರಿಲ್ಲದವರಿಗೆ ಬರುವ ಹೆಚ್ಚಿನ ಕಾಯಿಲೆಗಳಿಗೆ ಔಷಧಿ ಇದೆ. ಆ ಔಷಧಿ ಕೆಲಸ ಮಾಡಲು ಬೇಕಾದ ಜಾಗ ಮಾತ್ರ ಇಲ್ಲ.

ಇವರು ಯಾರು?

ಕಟ್ಟಡದ ಚಾವಣಿಯ ಕೆಳಗೆ ವಾಸಿಸದೆ ರಸ್ತೆ ಬದಿ, ಪಾದಚಾರಿ ಮಾರ್ಗ, ದೊಡ್ಡ ಕೊಳವೆ, ಮೇಲುಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ದೇವಸ್ಥಾನದ ಮಂಟಪ ಮುಂತಾದ ಕಡೆ ಬದುಕುವವರನ್ನು ಜನಗಣತಿ ವಸತಿರಹಿತರು ಎಂದು ಗುರುತಿಸುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಇಂಥವರು 17 ಲಕ್ಷ 73 ಸಾವಿರ. ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ಒಂದೇ ರಾತ್ರಿಯಲ್ಲಿ ಮಾಡಿದ ಎಣಿಕೆ ಇದು. ಆ ರಾತ್ರಿ ಎಣಿಸುವವರ ಕಣ್ಣಿಗೆ ಬೀಳದವರು ಲೆಕ್ಕಕ್ಕೆ ಸಿಕ್ಕಿಲ್ಲ.

ಇವರೆಲ್ಲ ಭಿಕ್ಷುಕರಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದವರಿದ್ದಾರೆ. ಚಿಂದಿ ಆಯುವವರು, ಬಲೂನು ಮಾರುವವರು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು, ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ಇದ್ದಾರೆ. ದುಡಿಯುತ್ತಾರೆ, ಆದರೆ ಬಾಡಿಗೆ ಮನೆ ಹಿಡಿಯಲಾರರು. ಬೆಂಗಳೂರಿನಲ್ಲಿ ಮನೆಯ ಮಾಲೀಕರು ಕೇಳುವ ಹತ್ತು ತಿಂಗಳ ಅಡ್ವಾನ್ಸನ್ನು ದಿನಗೂಲಿಯವನು ಎಲ್ಲಿಂದ ತಂದಾನು?

ಇದ್ದ ಮನೆ ಕಳೆದುಕೊಂಡವರೂ ಇದ್ದಾರೆ. ಸಾರೆಯ ಮೇಲಿಂದ ಬಿದ್ದು ಗಾರೆ ಕೆಲಸದವನ ಕಾಲು ಮುರಿಯುತ್ತದೆ. ಮೂರು ತಿಂಗಳು ಕೂಲಿ ಇಲ್ಲ. ಬಾಡಿಗೆ ಬಾಕಿ ಅಡ್ವಾನ್ಸಿನಲ್ಲಿ ಮುರಿದುಹೋಗುತ್ತದೆ. ನಾಲ್ಕನೆಯ ತಿಂಗಳು ಸಾಮಾನು ಬೀದಿಗೆ ಬರುತ್ತದೆ. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದ ಹೆಂಗಸಿನ ಕಥೆ ಇನ್ನೊಂದು. ಕಾಯಿಲೆಯಿಂದ ಮನೆ ಹೋಗುತ್ತದೆ, ಮನೆ ಹೋದದ್ದರಿಂದ ಮತ್ತಷ್ಟು ಕಾಯಿಲೆ ಬರುತ್ತದೆ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ತುಂಡರಿಸಬೇಕು.

ಬೀದಿಯ ವಾಸ ದೇಹಕ್ಕೆ ಏನು ಮಾಡುತ್ತದೆ?

ಮೊದಲನೆಯದು ನಿದ್ರೆ. ಬೀದಿಯಲ್ಲಿ ಮಲಗುವ ತಾಯಿ ನಿದ್ರಿಸುವುದಿಲ್ಲ, ಕಾಯುತ್ತಾಳೆ. ವಾಹನ, ನಾಯಿ, ಕುಡುಕರು, ಇದ್ದಕ್ಕಿದ್ದಂತೆ ಸುರಿಯುವ ಮಳೆ, ಎಬ್ಬಿಸಿ ಓಡಿಸುವವರು. ತಿಂಗಳುಗಟ್ಟಲೆ ನಿದ್ರೆಗೆಟ್ಟವರಲ್ಲಿ ರಕ್ತದೊತ್ತಡ ಏರುತ್ತದೆ, ಸಿಟ್ಟು, ಖಿನ್ನತೆ ಹೆಚ್ಚುತ್ತವೆ. ದಣಿವು ಮರೆಯಲೆಂದು ಗಂಡಸು ಕುಡಿತಕ್ಕೆ ಬೀಳುತ್ತಾನೆ.

ಎರಡನೆಯದು ಶೌಚ. ಉರಿಮೂತ್ರವೆಂದು ಪದೇ ಪದೇ ಬರುವ ಇಂಥ ಹೆಂಗಸರಿಗೆ "ನೀರು ಚೆನ್ನಾಗಿ ಕುಡಿಯಮ್ಮ" ಎಂದು ಹೇಳುವುದು ನಮ್ಮ ವಾಡಿಕೆ. ರಾಯಚೂರು ಕಡೆಯ ಒಬ್ಬಾಕೆ ಇದಕ್ಕೆ ಕೊಟ್ಟ ಉತ್ತರ ಹೀಗಿತ್ತು: "ನೀರು ಕುಡದ್ರ ಹೊರಗ ಹೋಗಬೇಕಾಗತೈತ್ರಿ. ಹಗಲೊತ್ತು ಎಲ್ಲಿಗಿ ಹೋಗೂದ್ರಿ, ನೀವಽ ಹೇಳ್ರಿ?" ಆಕೆ ಬೆಳಗಿನಿಂದ ಕತ್ತಲಾಗುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಮೂತ್ರ ಕಟ್ಟಿಕೊಂಡರೆ ಸೋಂಕು ಬರುತ್ತದೆ, ಮಾತ್ರೆ ನುಂಗಿದರೆ ಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಬರುತ್ತದೆ. ಗರ್ಭಿಣಿಯಾದರೆ ಈ ಸೋಂಕಿನಿಂದ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವೂ ಉಂಟು.

ಮೂರನೆಯದು ಮಕ್ಕಳ ಭೇದಿ. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿಗೆ ಬೆರೆಸಿ, ಮುಚ್ಚಿಟ್ಟು, ಇಪ್ಪತ್ನಾಲ್ಕು ಗಂಟೆಯೊಳಗೆ ಕುಡಿಸಬೇಕು. ಜೊತೆಗೆ ಹದಿನಾಲ್ಕು ದಿನ ಸತುವಿನ ಮಾತ್ರೆ. ಮನೆಯಲ್ಲಿ ಇದು ಸುಲಭದ ಚಿಕಿತ್ಸೆ. ಬೀದಿಯಲ್ಲಿ ನೀರು ಕಾಯಿಸಲು ಒಲೆ ಇಲ್ಲ, ಅಳೆಯಲು ಪಾತ್ರೆ ಇಲ್ಲ, ಮಗುವಿನ ಕೈ ತೊಳೆಯಲು ನಲ್ಲಿ ಇಲ್ಲ. ಒಂದು ಭೇದಿ ವಾಸಿಯಾಗುವಷ್ಟರಲ್ಲಿ ಇನ್ನೊಂದು. ಹೀಗೆ ಮಗು ತೂಕ ಕಳೆದುಕೊಂಡು ಅಪೌಷ್ಟಿಕತೆಗೆ ಜಾರುತ್ತದೆ.

ನಾಲ್ಕನೆಯದು ಕಜ್ಜಿ. ಚಿಕ್ಕ ರೋಗವೆಂದು ತಿಳಿಯಬೇಡಿ. ಮಗು ರಾತ್ರಿಯಿಡೀ ಕೆರೆದುಕೊಂಡು ಹುಣ್ಣಾಗಿ, ಕೀವಾಗಿ, ಮೂತ್ರಪಿಂಡಕ್ಕೂ ತೊಂದರೆ ಬರಬಹುದು. ಮನೆಮಂದಿಯೆಲ್ಲ ಒಂದೇ ರಾತ್ರಿ ಮುಲಾಮು ಹಚ್ಚಿಕೊಂಡು, ಮರುದಿನ ಸ್ನಾನ ಮಾಡಿ, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರಷ್ಟೇ ಅದು ಹೋಗುವುದು. ಸ್ನಾನದ ಮನೆಯೇ ಇಲ್ಲದವರಿಗೆ ಬರಿಯ ಮುಲಾಮು ಕೊಟ್ಟರೆ ಪ್ರಯೋಜನವೇನು?

ಐದನೆಯದು ಕ್ಷಯ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು, 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ. ಆದರೆ ಹಣ ಬರುವುದು ಬ್ಯಾಂಕ್ ಖಾತೆಗೆ. ಇಂದು ಮಾರುಕಟ್ಟೆಯಲ್ಲಿದ್ದು ನಾಳೆ ಓಡಿಸಲ್ಪಡುವ ರೋಗಿಯನ್ನು ಆರೋಗ್ಯ ಕಾರ್ಯಕರ್ತೆ ಎಲ್ಲಿ ಹುಡುಕಬೇಕು? ಎರಡು ತಿಂಗಳಿಗೆ ಮಾತ್ರೆ ನಿಂತರೆ ರೋಗ ಮರುಕಳಿಸುತ್ತದೆ, ಔಷಧಿಗೆ ಬಗ್ಗದ ಕ್ಷಯವಾಗಿಯೂ ಬದಲಾಗಬಹುದು.

ಕೊನೆಯದು ಬಾಣಂತನ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಔಷಧಿ ಉಚಿತ, ಊಟ ಉಚಿತ. ಬಾಣಂತಿಯನ್ನೂ ಮಗುವನ್ನೂ ವಾಹನದಲ್ಲಿ ಮನೆಗೆ ಬಿಡುವ ಏರ್ಪಾಡೂ ಉಂಟು. ಒಳ್ಳೆಯ ಯೋಜನೆ. ಆದರೆ ಮನೆಯೇ ಇಲ್ಲದ ಬಾಣಂತಿಯನ್ನು ಎಲ್ಲಿಗೆ ಬಿಡುವುದು? ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲಿ ಮುಖ್ಯವಾಗಿ ಬೇಕಾದದ್ದು ಬೆಚ್ಚಗಿನ ಜಾಗ, ಎದೆಹಾಲು, ಶುಚಿತ್ವ. ಡಿಸೆಂಬರಿನ ಚಳಿಯಲ್ಲಿ ಗೋಣಿಚೀಲದ ಮೇಲೆ ಇವು ಮೂರೂ ದೊರೆಯುವುದು ಹೇಗೆ?

ಆಶ್ರಯ ಕೇಂದ್ರ ಹೇಗಿರಬೇಕು?

ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಮೊಕದ್ದಮೆಯಲ್ಲಿ ಹೇಳಿತು. 2010ರ ಚಳಿಗಾಲದಲ್ಲಿ ದೆಹಲಿಯಲ್ಲಿ ಸೂರಿಲ್ಲದವರ ಸಾವುಗಳ ವಿಷಯ ಅದರ ಮುಂದೆ ಬಂತು. ಆಗ ಅದು ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು, ಅದು ಚಳಿಗಾಲಕ್ಕೆ ಮಾತ್ರವಲ್ಲದೆ ವರ್ಷವಿಡೀ ತೆರೆದಿರಬೇಕು ಎಂಬ ನಿಲುವನ್ನು ಎತ್ತಿಹಿಡಿಯಿತು.

2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಈ ಕೇಂದ್ರಗಳಿಗೆ ನಿಯಮಗಳನ್ನು ರೂಪಿಸಿತು. ಓದುಗರು ಇವನ್ನು ತಿಳಿದಿರುವುದು ಒಳ್ಳೆಯದು:

* ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಸಾಲುವಷ್ಟು ಜಾಗ. ಒಬ್ಬೊಬ್ಬರಿಗೆ ಕನಿಷ್ಠ 50 ಚದರ ಅಡಿ.
* ದಿನದ ಇಪ್ಪತ್ನಾಲ್ಕು ಗಂಟೆಯೂ, ಎಲ್ಲ ಋತುಗಳಲ್ಲಿಯೂ ತೆರೆದಿರಬೇಕು.
* ಕುಡಿಯುವ ನೀರು, ಸ್ನಾನದ ಮನೆ, ಶೌಚಾಲಯ, ಬೆಳಕು, ಸೊಳ್ಳೆಗಳ ಹತೋಟಿ, ಹಾಸಿಗೆ ಹೊದಿಕೆಗಳ ಶುಚಿತ್ವ, ಪ್ರಥಮ ಚಿಕಿತ್ಸೆ.
* ಅಡುಗೆ ಮಾಡಿಕೊಳ್ಳಲು ಜಾಗ, ಪಾತ್ರೆ, ಗ್ಯಾಸ್ ಸಂಪರ್ಕ.
* ಮಕ್ಕಳಿಗೆ ಹತ್ತಿರದ ಅಂಗನವಾಡಿಯ ಸಂಪರ್ಕ.
* ಗಂಡಸರಿಗೆ, ಹೆಂಗಸರಿಗೆ, ಕುಟುಂಬಗಳಿಗೆ ಬೇರೆ ಬೇರೆ ಏರ್ಪಾಡು. ದಿಕ್ಕಿಲ್ಲದ ವೃದ್ಧರು, ಮಾನಸಿಕ ರೋಗಿಗಳು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಮತ್ತು ಅವರ ಮನೆಯವರಿಗೆ ವಿಶೇಷ ಕೇಂದ್ರ.
* ರೈಲ್ವೆ ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳಂಥ ದುಡಿಮೆಯ ಜಾಗಕ್ಕೆ ಹತ್ತಿರವಿರಬೇಕು.

ಯೋಜನೆಗಳ ಹೆಸರು ಕಾಲಕಾಲಕ್ಕೆ ಬದಲಾಗುತ್ತದೆ. ಆದರೆ ಊರಿನಲ್ಲಿ ಇಂಥ ಕೇಂದ್ರ ಇದೆಯೇ, ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಬೇಕಾದದ್ದು ನಗರಪಾಲಿಕೆ ಅಥವಾ ನಗರಸಭೆಯ ಕಚೇರಿಯಲ್ಲಿ.

ಕುಟುಂಬಗಳು ಏಕೆ ಹೋಗುವುದಿಲ್ಲ?

ನಿಯಮದಲ್ಲಿ ಕುಟುಂಬದ ಕೇಂದ್ರ ಎಂಬ ಮಾತು ಇದೆ. ಆದರೆ ಅನೇಕ ಊರುಗಳಲ್ಲಿ ತೆರೆದಿರುವ ಕೇಂದ್ರಗಳು ಒಂಟಿ ಗಂಡಸರಿಗಾಗಿ ಮಾಡಿದ ದೊಡ್ಡ ಹಜಾರಗಳು. ಅಲ್ಲಿಗೆ ಒಂದು ಸಂಸಾರ ಹೋದರೆ ಏನಾಗುತ್ತದೆ? ಗಂಡ ಇಲ್ಲಿರಲಿ, ಹೆಂಡತಿ ಊರಿನ ಇನ್ನೊಂದು ಮೂಲೆಯ ಮಹಿಳಾ ಕೇಂದ್ರಕ್ಕೆ ಹೋಗಲಿ ಎನ್ನುತ್ತಾರೆ. ಮಹಿಳೆಯರ ವಸತಿ ಗೃಹಗಳಲ್ಲಿ ತಾಯಿಯ ಜೊತೆ ಇರಬಹುದಾದ ಗಂಡು ಮಗುವಿಗೆ ವಯಸ್ಸಿನ ಮಿತಿ ಇದೆ. ಹದಿನಾಲ್ಕರ ಹುಡುಗ ತಾಯಿಯ ಜೊತೆಗೆ ಸಲ್ಲುವುದಿಲ್ಲ, ಅಪರಿಚಿತ ಗಂಡಸರ ನಡುವೆ ಅವನನ್ನು ಬಿಡಲು ತಾಯಿಗೆ ಧೈರ್ಯವಿಲ್ಲ. ಹೀಗೆ ಬಾಗಿಲಲ್ಲಿಯೇ ಸಂಸಾರ ಮೂರು ಪಾಲಾಗುತ್ತದೆ. ಕೈಯಲ್ಲಿ ಉಳಿದಿರುವ ಒಂದೇ ಆಸ್ತಿ ಸಂಸಾರ. ಅದನ್ನು ಬಿಟ್ಟು ಚಾವಣಿ ಪಡೆಯುವುದಕ್ಕಿಂತ ಒಟ್ಟಿಗೆ ಬೀದಿಯಲ್ಲಿರುವುದೇ ಮೇಲು ಎಂದು ಅವರು ನಿರ್ಧರಿಸಿದರೆ ಅದು ಸೋಮಾರಿತನವೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇನ್ನೂ ಕೆಲವು ಕಾರಣಗಳಿವೆ. ಬೆಳಗ್ಗೆ ಹೊರಗೆ ಕಳಿಸುವ ಕೇಂದ್ರದಿಂದ ಬಾಣಂತಿಗೆ, ಜ್ವರದ ಮಗುವಿಗೆ ಉಪಯೋಗವಿಲ್ಲ. ಕೂಲಿಗೆ ಕರೆಯುವ ವೃತ್ತದಲ್ಲಿ ಬೆಳಗ್ಗೆ ಏಳಕ್ಕೆ ನಿಲ್ಲಬೇಕಾದವನು ಎಂಟು ಕಿಲೋಮೀಟರು ದೂರದಲ್ಲಿ ಮಲಗಲಾರ. ಬಿಂದಿಗೆ, ಗಂಟು, ತಳ್ಳುಗಾಡಿ ಇಡಲು ಜಾಗವಿಲ್ಲದಿದ್ದರೆ ಅವನ್ನು ಕಾಯಲು ಒಬ್ಬರು ಹೊರಗೇ ಉಳಿಯಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಭಯ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷುಕರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸುವ ಪದ್ಧತಿ ನಮ್ಮಲ್ಲಿದೆ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಉಪಕರವೆಂದು ಸೇರುವ ಹಣ ಈ ಕೇಂದ್ರಗಳಿಗಾಗಿಯೇ. ಬೆಂಗಳೂರಿನ ಇಂಥ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಅನೇಕರು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದು ಹಲವರಿಗೆ ನೆನಪಿರಬಹುದು. ಆಶ್ರಯ ಕೇಂದ್ರ ಬೇರೆ, ಈ ಪರಿಹಾರ ಕೇಂದ್ರ ಬೇರೆ. ಆಶ್ರಯ ಕೇಂದ್ರಕ್ಕೆ ಸ್ವಂತ ಇಚ್ಛೆಯಿಂದ ಬರಬಹುದು, ಬೇಡವೆನಿಸಿದಾಗ ಹೋಗಬಹುದು. ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳದಿದ್ದರೆ, "ಬನ್ನಿ, ವ್ಯಾನ್ ಹತ್ತಿ" ಎಂದಾಗ ಜನ ಓಡಿಹೋಗುವುದು ಸಹಜ.

ಸೂರಿನ ಜೊತೆ ಸಿಗುವುದೇನು?

ಕುಟುಂಬ ಒಟ್ಟಿಗೆ ಇರಬಹುದಾದ ಕೇಂದ್ರ ದೊರೆತರೆ ಮೊದಲ ಲಾಭ ನಿದ್ರೆ, ನೀರು, ಶೌಚಾಲಯ. ಎರಡನೆಯ ಲಾಭ ವಿಳಾಸ. ಇದು ಸಣ್ಣ ಸಂಗತಿಯಲ್ಲ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ನೋಂದಣಿ ಸಾಧ್ಯ. ಆಧಾರ್ ಇದ್ದರೆ ಬ್ಯಾಂಕ್ ಖಾತೆ, ಖಾತೆ ಇದ್ದರೆ ಕ್ಷಯರೋಗಿಯ ಆಹಾರದ ಹಣ, ವೃದ್ಧಾಪ್ಯ ಅಥವಾ ವಿಧವಾ ವೇತನ. ಆರು ತಿಂಗಳು ಅದೇ ಜಾಗದಲ್ಲಿ ಸಿಗುವ ರೋಗಿಯ ಕ್ಷಯ ವಾಸಿಯಾಗುತ್ತದೆ, ಅವನ ಮಗುವಿಗೆ ರೋಗ ಬಾರದಂತೆ ಮಾತ್ರೆಯನ್ನೂ ಕೊಡಬಹುದು.

ಕೇಂದ್ರ ಇನ್ನೂ ದೊರೆಯದ ಕುಟುಂಬಗಳಿಗೂ ಕೆಲವು ಸೌಲಭ್ಯಗಳಿವೆ. ಅನೇಕರಿಗೆ ಇವು ಗೊತ್ತಿಲ್ಲ:

ಲಸಿಕೆ: ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕನೆಯ ವಾರ, ನಂತರ ಒಂಬತ್ತನೆಯ ತಿಂಗಳು, ಹೀಗೆ ಮುಂದುವರಿಯುತ್ತದೆ. ಊರು ಬದಲಾದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಳೆಗೆ ನೆನೆಯದಂತೆ ಇಟ್ಟುಕೊಳ್ಳಬೇಕು.

ಅಂಗನವಾಡಿ: ಗರ್ಭಿಣಿ, ಬಾಣಂತಿ ಹಾಗೂ ಆರು ವರ್ಷದೊಳಗಿನ ಮಕ್ಕಳಿಗೆ ಪೂರಕ ಆಹಾರ.

ಪಡಿತರ: ರಾಯಚೂರಿನ ಪಡಿತರ ಚೀಟಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯಬಹುದು.

ಶಾಲೆ: 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ ಜನನ ಪ್ರಮಾಣಪತ್ರ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ತಪ್ಪಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಶಾಲೆ ಎಂದರೆ ಮಧ್ಯಾಹ್ನದ ಊಟವೂ ಹೌದು, ಹಗಲಿಡೀ ಸುರಕ್ಷಿತ ಜಾಗವೂ ಹೌದು.

ಮತ: ಬೀದಿಯಲ್ಲಿ ಮಲಗುವವರೂ ಮತದಾರರ ಪಟ್ಟಿಗೆ ಸೇರಬಹುದು. ಅವರು ಮಲಗುವ ಜಾಗಕ್ಕೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಪರಿಶೀಲಿಸುತ್ತಾರೆ.

ನೀವು ಏನು ಮಾಡಬಹುದು?

1. ನಿಮ್ಮ ಊರಿನ ಆಶ್ರಯ ಕೇಂದ್ರ ಎಲ್ಲಿದೆ, ಅದರಲ್ಲಿ ಕುಟುಂಬಗಳಿಗೆ ಜಾಗ ಇದೆಯೇ ಎಂದು ಮೊದಲೇ ವಿಚಾರಿಸಿ, ವಿಳಾಸ ಬರೆದಿಟ್ಟುಕೊಳ್ಳಿ. ಮಳೆ ಸುರಿಯುವ ರಾತ್ರಿ ಹುಡುಕಲು ಹೊರಟರೆ ಪ್ರಯೋಜನವಿಲ್ಲ.

2. ಕುಟುಂಬವನ್ನು ಕಂಡರೆ ಮೊದಲು ಮಾತಾಡಿ. ಹೆಂಗಸರನ್ನು ಹೆಂಗಸರೇ ಮಾತಾಡಿಸುವುದು ಲೇಸು. "ಯಾವೂರಮ್ಮ, ಮಗುವಿಗೆ ಹುಷಾರಾಗಿದೆಯಾ?" ಎಂದು ಕೇಳಿ. ಏನು ಬೇಕೆಂದು ಅವರೇ ಹೇಳಲಿ. ಫೋಟೊ ತೆಗೆಯಬೇಡಿ.

3. ಮಗು ಎದೆಹಾಲು ಕುಡಿಯುತ್ತಿಲ್ಲ, ಉಸಿರಾಡುವಾಗ ಪಕ್ಕೆ ಒಳಗೆಳೆಯುತ್ತದೆ, ಫಿಟ್ಸ್ ಬಂದಿದೆ, ಮೈ ತಣ್ಣಗಾಗಿದೆ ಅಥವಾ ಮಂಕಾಗಿ ಮಲಗಿದೆ ಎಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಗರ್ಭಿಣಿಗೆ ರಕ್ತಸ್ರಾವ ಕಂಡರೂ ಹಾಗೆಯೇ. ಎರಡು ವಾರಕ್ಕೂ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಆದರೆ ನಿಮ್ಮ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಮಾತ್ರ ಕೊಡಬೇಡಿ.

4. ಗಂಡನ ಹಿಂಸೆಯಿಂದ ಹೊರಬಿದ್ದ ಹೆಂಗಸಿಗೆ ಮಹಿಳಾ ಸಹಾಯವಾಣಿ 181. ಸಖಿ ಕೇಂದ್ರಗಳಲ್ಲಿ ಚಿಕಿತ್ಸೆ, ಕಾನೂನು ಸಲಹೆ, ಕೆಲ ದಿನಗಳ ವಾಸ್ತವ್ಯ ಒಂದೇ ಕಡೆ ದೊರೆಯುತ್ತವೆ. ಗಂಡ ಹೆಂಡಿರ ಜಗಳವೆಂದು ಆಕೆಯನ್ನು ಅದೇ ಮನೆಗೆ ಹಿಂದಕ್ಕೆ ಕಳಿಸುವ ಹಿರಿತನ ಬೇಡ.

5. ಮಕ್ಕಳ ಸಹಾಯವಾಣಿ 1098 ಇರುವುದು ಒಂಟಿಯಾದ, ಕಳೆದುಹೋದ, ಹಿಂಸೆಗೆ ಸಿಕ್ಕ, ದುಡಿಮೆಗೆ ಹಚ್ಚಿದ ಮಕ್ಕಳ ನೆರವಿಗೆ. ತಂದೆ ತಾಯಿ ಬಡವರು ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವರಿಂದ ಬೇರ್ಪಡಿಸಬಾರದು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಫೋನ್ ಮಾಡುವಾಗ "ಇಡೀ ಕುಟುಂಬಕ್ಕೆ ಜಾಗ ಬೇಕು" ಎಂದೇ ಹೇಳಿ.

6. ನಿಮ್ಮ ಮನೆ ಕಟ್ಟುವ ಕೆಲಸ ನಡೆಯುತ್ತಿದ್ದರೆ ಕೆಲಸದವರ ಸಂಸಾರ ರಾತ್ರಿ ಎಲ್ಲಿ ಮಲಗುತ್ತದೆ ಎಂದು ಮೇಸ್ತ್ರಿಯನ್ನು ಕೇಳಿ. ಒಂದು ಶೆಡ್ಡು, ಶೌಚಾಲಯ, ಕುಡಿಯುವ ನೀರು ಒದಗಿಸುವುದು ದಾನವಲ್ಲ, ಕಟ್ಟಡದ ಖರ್ಚಿನಲ್ಲಿಯೇ ಅದೂ ಸೇರಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಅವರಿಗೆ ನೆರವಾಗಿ.

7. ಬಾಡಿಗೆಗೆ ಮನೆ ಕೊಟ್ಟಿರುವವರಿಗೆ ಒಂದು ಮಾತು. ಬಾಡಿಗೆದಾರ ಕಾಯಿಲೆ ಬಿದ್ದು ಎರಡು ತಿಂಗಳು ಬಾಕಿ ನಿಲ್ಲಿಸಿದರೆ, ಸಾಮಾನು ಹೊರಗಿಡುವ ಮುನ್ನ ಕಂತಿನಲ್ಲಿ ತೀರಿಸಲು ಅವಕಾಶ ಕೊಡಿ. ಒಮ್ಮೆ ಬೀದಿಗೆ ಬಿದ್ದ ಕುಟುಂಬಕ್ಕೆ ಮತ್ತೆ ಅಡ್ವಾನ್ಸ್ ಹೊಂದಿಸಲು ವರ್ಷಗಳೇ ಬೇಕು.

ಕೊನೆಯದಾಗಿ, ನಿಮ್ಮ ವಾರ್ಡಿನ ಪ್ರತಿನಿಧಿ ಅಥವಾ ಅಧಿಕಾರಿ ಎದುರಾದಾಗ ಮೂರು ಪ್ರಶ್ನೆ ಕೇಳಿ: ನಮ್ಮ ಊರಿನಲ್ಲಿ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಇರಬಹುದಾದ ಆಶ್ರಯ ಕೇಂದ್ರ ಎಷ್ಟಿವೆ? ಅವು ಹಗಲಿನಲ್ಲಿಯೂ ತೆರೆದಿರುತ್ತವೆಯೇ? ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆಯಾದ, ಮನೆಯಿಲ್ಲದ ಬಾಣಂತಿಗೆ ಅಲ್ಲೊಂದು ಮಂಚ ಸಿಗುತ್ತದೆಯೇ? ರಸ್ತೆ ಮತ್ತು ಚರಂಡಿಯ ಬಗ್ಗೆ ನೀವು ಕೇಳುತ್ತೀರಿ, ಅದಕ್ಕೆ ಉತ್ತರವೂ ಬರುತ್ತದೆ. ಈ ಪ್ರಶ್ನೆಗಳನ್ನು ಯಾರೂ ಕೇಳದಿರುವುದರಿಂದ ಉತ್ತರ ಕೊಡುವ ಅಗತ್ಯವೂ ಯಾರಿಗೂ ಬಿದ್ದಿಲ್ಲ. ಹತ್ತು ಮನೆಯವರು ಸೇರಿ ಒಂದು ಅರ್ಜಿ ಬರೆದುಕೊಟ್ಟರೂ ಸಾಕು, ಕೆಲಸ ಅಲ್ಲಿಂದ ಶುರುವಾಗುತ್ತದೆ.